ವೈಪರ್ ತೆವಳ್ತಾ ಇದೆಯಾ? ಮೋಟಾರ್ ಬದಲಿಸೋ ಮೊದಲು ಇದನ್ನ ನೋಡಿ

ಬೆಂಗಳೂರಲ್ಲಿ ಕೆಲಸ, ರಾಮನಗರದಲ್ಲೋ ಚನ್ನಪಟ್ಟಣದಲ್ಲೋ ಮನೆ. ಸಂಜೆ ಬಿಡದಿ ದಾಟುವಷ್ಟರಲ್ಲಿ ಮೋಡ ಕವಿದು ದಪ್ಪ ಹನಿ ಶುರು. ಲಿವರ್ ಎಳೆದರೆ ವೈಪರ್ ಅರ್ಧ ಗಾಜಿನವರೆಗೆ ಬಂದು, ಯೋಚನೆ ಮಾಡಿ, ನಿಧಾನಕ್ಕೆ ವಾಪಸ್ ಹೋಗುತ್ತೆ. ಈ ದಾರಿಯಲ್ಲಿ ದಿನಾ ಓಡಾಡುವವರಿಗೆ ಇದು ಹೊಸದಲ್ಲ.

ಸಣ್ಣ ವಿಷಯ ಅನ್ನಿಸಬಹುದು. ಲೆಕ್ಕ ಹಾಕಿ: ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ವೈಪರ್ ಒಂದು ಸುತ್ತಿಗೆ 3 ಸೆಕೆಂಡ್ ತಗೊಂಡರೆ, ಗಾಜು ಮತ್ತೆ ಸ್ವಚ್ಛವಾಗುವ ಹೊತ್ತಿಗೆ ನೀವು 80 ಮೀಟರಿಗಿಂತ ಮುಂದೆ ಬಂದಿರುತ್ತೀರಿ. ಕನಕಪುರ, ಮಾಗಡಿ ಕಡೆಯ ರಸ್ತೆಗಳಲ್ಲಿ ವೇಗ ಕಡಿಮೆ ನಿಜ. ಆದರೆ ಎದುರು ಬರುವ ಲಾರಿಯ ಹೆಡ್‌ಲೈಟ್ ಒದ್ದೆ ಗಾಜಿನ ಮೇಲೆ ಹರಡಿದರೆ ರಸ್ತೆಯ ಅಂಚೇ ಕಾಣಲ್ಲ.

ನಮ್ಮ ಕಡೆ ಯಾಕೆ ಹೀಗೆ?

ನವೆಂಬರ್ ಕಳೆದ ಮೇಲೆ ಏಪ್ರಿಲ್‌ವರೆಗೆ ವೈಪರ್‌ಗೆ ಹೆಚ್ಚು ಕೆಲಸ ಇರಲ್ಲ. ಆ ತಿಂಗಳುಗಳಲ್ಲಿ ಬಿಸಿಲಿಗೆ ರಬ್ಬರ್ ಗಟ್ಟಿಯಾಗುತ್ತೆ, ಆರ್ಮ್ ಕೂತಿರುವ ಶಾಫ್ಟಿನ ಗ್ರೀಸ್ ಒಣಗುತ್ತೆ. ಜೊತೆಗೆ ಕಲ್ಲುಕ್ವಾರಿ ಟಿಪ್ಪರ್‌ಗಳ ದೂಳು. ಮಾವಿನ ಮರದ ನೆರಳಲ್ಲಿ ಕಾರು ನಿಲ್ಲಿಸುವವರಿಗೆ ಇನ್ನೊಂದು ಕಾಟ: ಹೂ ಬಿಡುವ ಕಾಲದಲ್ಲಿ ಜಿಗಿಹುಳು ಸುರಿಸುವ ಅಂಟು. ಅದರ ಮೇಲೆ ದೂಳು ಕೂತರೆ ಗಾಜು ಬ್ಲೇಡನ್ನು ಹಿಡಿದೇ ಬಿಡುತ್ತದೆ. ಇಷ್ಟೆಲ್ಲ ಆದ ಮೇಲೆ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಒಮ್ಮೆಲೇ ಬರುತ್ತೆ.

ತೊಂದರೆ ಎಲ್ಲಿದೆ? ಮೂರು ಪರೀಕ್ಷೆ

ಒಂದು: ಗಾಜು, ಬ್ಲೇಡ್ ಎರಡನ್ನೂ ಶಾಂಪೂ ನೀರಲ್ಲಿ ತೊಳೆಯಿರಿ. ಗಾಜು ಒದ್ದೆ ಇರುವಾಗಲೇ ವೈಪರ್ ಹಾಕಿ. ವೇಗ ಬಂತಾ? ತಪ್ಪು ಅಂಟಿನದ್ದು. ರಬ್ಬರ್ ಸೀಳಿದ್ದರೆ ಬ್ಲೇಡ್ ಬದಲಿಸಿ, ಕೆಲಸ ಮುಗೀತು.

ಎರಡು: ಇನ್ನೂ ನಿಧಾನ ಅಂದ್ರೆ ಆರ್ಮ್‌ಗಳನ್ನು ಬಿಚ್ಚಬೇಕು. ಅವು ಇದ್ದ ಜಾಗ ಗುರುತಿಗೆ ಗಾಜಿನ ಮೇಲೆ ಟೇಪ್ ಅಂಟಿಸಿ. ಬುಡದ ನಟ್ ತೆಗೆದು ಆರ್ಮ್ ಅಲ್ಲಾಡಿಸಿ ಎತ್ತಿ. ಬರದಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಗಾಜು ಹೋದೀತು. ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಸ್ವಲ್ಪ ಹೊತ್ತು ಬಿಡಿ. ಈಗ ಸ್ವಿಚ್ ಹಾಕಿದಾಗ ಬರೀ ಶಾಫ್ಟ್ ಚುರುಕಾಗಿ ತಿರುಗಿದರೆ ದೋಷ ಬ್ಲೇಡ್ ಅಥವಾ ಆರ್ಮಿನಲ್ಲಿದೆ.

ಮೂರು: ಶಾಫ್ಟ್ ಕೂಡ ತೆವಳಿದರೆ ಗಾಜಿನ ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆಯಿಸಿ, ಮೋಟಾರಿನಿಂದ ರಾಡ್ ಬಿಡಿಸಿ, ಮೋಟಾರ್ ಒಂದನ್ನೇ ಓಡಿಸಿ. ಒಂಟಿ ಮೋಟಾರ್ ಸಲೀಸಾಗಿ ಓಡಿದರೆ ಅದಕ್ಕೆ ಏನೂ ಆಗಿಲ್ಲ, ಶಾಫ್ಟ್ ಬಿಗಿದಿದೆ ಅಂತ ಅರ್ಥ. ಕೈ ಹಾಕುವಾಗ ಕೀಲಿ ಆಫ್ ಇರಲಿ. ರಾಡ್ ತಿರುಗಿದರೆ ಬೆರಳು ಹೋಗುತ್ತೆ.

ಗ್ಯಾರೇಜಲ್ಲಿ ಈ ಮೂರನೇ ಪರೀಕ್ಷೆಯೇ ನಿಮ್ಮ ದುಡ್ಡು ಉಳಿಸೋದು. 'ಮೋಟಾರ್ ಹೋಗಿದೆ' ಅಂದ ಕೂಡಲೇ ಒಪ್ಪಬೇಡಿ. 'ಅಣ್ಣ, ರಾಡ್ ಬಿಡಿಸಿ ಒಂದ್ಸಲ ಓಡಿಸಿ ತೋರಿಸಿ' ಅನ್ನಿ.

ಬಿಗಿದ ಶಾಫ್ಟಿಗೆ ಮದ್ದು

ಸ್ಪ್ರೇ ಹೊಡೆದರೆ ಶಾಫ್ಟ್ ಆಗಲೇ ಸಡಿಲವಾಗುತ್ತೆ. ಆದರೆ ಅದು ಗ್ರೀಸ್ ಅಲ್ಲ. ಅಷ್ಟಕ್ಕೇ ಬಿಟ್ಟರೆ ಕೆಲವೇ ದಿನದಲ್ಲಿ ಮತ್ತೆ ಹಿಡಿಯಬಹುದು. ಸಡಿಲವಾದ ಮೇಲೆ ಹಳೆ ಕೊಳೆ ಒರೆಸಿ ಹೊಸ ಗ್ರೀಸ್ ಹಾಕಿಸಿ. ಕವರ್ ಕೆಳಗೆ ಸೇರಿರುವ ಒಣಗಿದ ಎಲೆ ತೆಗೆದು ನೀರು ಹೋಗುವ ತೂತು ಬಿಡಿಸಿ. ನೀರು ಅಲ್ಲೇ ನಿಂತರೆ ಮತ್ತೆ ತುಕ್ಕು.

ಕರೆಂಟ್ ಕಡೆಯ ಸುಳಿವು

ಸ್ಪೀಡ್ ಒಂದರಲ್ಲಿ ಓಡದೆ ಇನ್ನೊಂದರಲ್ಲಿ ಓಡಿದರೆ ಮೋಟಾರಿನ ಬ್ರಷ್ ಅಥವಾ ಸ್ವಿಚ್ ನೋಡಿಸಿ. ಒಂದು ವೈಪರ್ ಮಾತ್ರ ನಿಂತಿದ್ದರೆ ನಟ್ ಸಡಿಲವಾಗಿದೆ, ಇಲ್ಲವೇ ರಾಡಿನ ಕೀಲು ಕಳಚಿದೆ. ಎರಡೂ ಸತ್ತಂತಿದ್ದರೆ ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಿ. ದೊಡ್ಡ ಫ್ಯೂಸ್ ಹಾಕೋದು, ತಂತಿ ಸುತ್ತೋದು ಬೇಡವೇ ಬೇಡ, ವೈರಿಂಗ್ ಸುಟ್ಟೀತು. ಮೋಟಾರ್ ಗುಂಯ್ ಅನ್ನುತ್ತಾ ಆರ್ಮ್ ಕದಲದಿದ್ದರೆ ತಕ್ಷಣ ಆಫ್ ಮಾಡಿ.

ದಾರಿಯಲ್ಲೇ ಕೈಕೊಟ್ಟರೆ

ವೇಗ ಇಳಿಸಿ, ಎಡಕ್ಕೆ ಬನ್ನಿ, ಸಾಧ್ಯವಾದ ಮೊದಲ ಜಾಗದಲ್ಲಿ ಹೈವೇ ಬಿಟ್ಟು ಇಳಿಯಿರಿ. ಹೈವೇ ಮೇಲೆ ನಿಲ್ಲಲೇಬೇಕಾದರೆ ರಸ್ತೆಯಿಂದ ಪೂರ್ತಿ ಅಂಚಿಗೆ ಸರಿದು ಹಜಾರ್ಡ್ ಲೈಟ್ ಹಾಕಿ. ಮಳೆ ತಪ್ಪಿಸಿಕೊಳ್ಳಲು ಅಂಡರ್‌ಪಾಸ್ ಕೆಳಗೆ ಮಾತ್ರ ಕಾಯಬೇಡಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯಲ್ಲೇ ವಾಹನಗಳು ಮುಳುಗಿದ್ದವು. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ವಾರ ತುಂಬುವ ಮೊದಲೇ ಸಂಗಬಸವನದೊಡ್ಡಿ ಅಂಡರ್‌ಪಾಸ್ ಬಳಿ ನೀರು ನಿಂತಿತ್ತು. ಹೆದ್ದಾರಿ ಸಹಾಯವಾಣಿ 1033 ಫೋನಲ್ಲಿ ಸೇವ್ ಆಗಿರಲಿ.

ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಬೇಸಿಗೆಯಲ್ಲೂ ವಾರಕ್ಕೊಮ್ಮೆ ಗಾಜು ಒದ್ದೆ ಮಾಡಿ ವೈಪರನ್ನು ನಾಲ್ಕು ಸಲ ಓಡಿಸಿ. ಒಣ ಗಾಜಿನ ಮೇಲೆ ಬೇಡ, ಗೀರು ಬೀಳುತ್ತೆ. ನಿಧಾನ ಅನ್ನಿಸಿದರೆ ಬಿಸಿಲಿರುವಾಗಲೇ ಒಂದು ಭಾನುವಾರ ಬೆಳಿಗ್ಗೆ ಈ ಪರೀಕ್ಷೆ ಮುಗಿಸಿಬಿಡಿ.