ಅರಳು ಮರಳು ಅಂತ ಸುಮ್ಮನಾಗಬೇಡಿ: ಹಿರಿಯರ ಮರೆವಿಗೆ ಚಿಕಿತ್ಸೆ ಇರಬಹುದು

ಯಗಟಿ: ಕನ್ನಡಕ ಇಟ್ಟ ಜಾಗ ಮರೆಯೋದು ವಯಸ್ಸಿಗೆ ಸಹಜ. ಆದರೆ ದಿನಾ ಅಂಗಡಿಗೆ ಬರುವ ಅಜ್ಜಿ ಚಿಲ್ಲರೆ ಲೆಕ್ಕಕ್ಕೆ ತಡವರಿಸಿದರೆ, ಕೊಂಡ ಸಾಮಾನನ್ನೇ ಮತ್ತೆ ಕೇಳಿದರೆ, ಮನೆ ದಾರಿ ತಪ್ಪಿದರೆ ಅದು ಮರೆಗುಳಿ ಕಾಯಿಲೆ ಇರಬಹುದು.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಶೇ 7.4 ಮಂದಿಗೆ ಈ ಕಾಯಿಲೆ ಇದೆ. ಹಳ್ಳಿಗಳಲ್ಲಿ, ಹೆಂಗಸರಲ್ಲಿ ಹೆಚ್ಚು. ಊರು, ತಾಂಡಾಗಳಲ್ಲಿ ಶಾಲೆ ಮೆಟ್ಟಿಲು ಹತ್ತದ ಹಿರಿಯರಿಗೆ ಅಕ್ಷರದ ಪರೀಕ್ಷೆ ಹೊಂದಲ್ಲ. ನಿತ್ಯದ ಕೆಲಸದಲ್ಲಿ ಆದ ಬದಲಾವಣೆಯನ್ನು ಮನೆಯವರೇ ಡಾಕ್ಟರಿಗೆ ಹೇಳಬೇಕು.

ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಕಡಿಮೆಯಾಗಬಹುದು. ಬಿಪಿ, ಶುಗರ್ ಹತೋಟಿಯಲ್ಲಿರಲಿ. ಕಿವಿ ಮಂದವಾದರೆ ತೋರಿಸಿ. ಸಲಹೆಗೆ ಟೆಲಿ ಮಾನಸ್ ಉಚಿತ ಸಂಖ್ಯೆ 14416. ಅಂಗಡಿಯವರಿಗೆ ಅನುಮಾನ ಬಂದರೆ ನಗಬೇಡಿ, ಮನೆಯವರಿಗೆ ತಿಳಿಸಿ.