ಸಂಘದ ಕಂಪ್ಯೂಟರ್ ಆಫ್ ಮಾಡುವಾಗ ಸದ್ದು ಬರುತ್ತಿದೆಯೇ?



ಈಗ ಬಹಳಷ್ಟು ಸಂಘಗಳಲ್ಲಿ ಹಾಲಿನ ತೂಕ, ಜಿಡ್ಡಿನಾಂಶ, ಎಸ್‌ಎನ್‌ಎಫ್ ಎಲ್ಲವೂ ಯಂತ್ರದಿಂದ ನೇರವಾಗಿ ಕಂಪ್ಯೂಟರಿಗೆ ಹೋಗುತ್ತವೆ. ನಿಮ್ಮ ಕೈಗೆ ಚೀಟಿ ಬರುತ್ತದೆ. ಲೆಕ್ಕ ಮಾತ್ರ ಕಂಪ್ಯೂಟರಿನೊಳಗೆ ಉಳಿಯುತ್ತದೆ. ಬಟವಾಡೆಯ ದಿನ ನಿಮ್ಮ ಬ್ಯಾಂಕ್ ಖಾತೆಗೆ ಬರುವ ಹಣ ಆ ಲೆಕ್ಕದಿಂದಲೇ ಬರಬೇಕು.

ಸಂಜೆಯ ಹಾಲು ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡುವಾಗ ಟಕ್ ಟಕ್ ಎಂದೋ ಟಿಂಗ್ ಎಂದೋ ಪೀಂ ಪೀಂ ಎಂದೋ ಸದ್ದು ಬರುತ್ತದೆ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರಹ ಬಂದು ನಿಲ್ಲುತ್ತದೆ ಎಂದು ಕೆಲವು ಸಂಘಗಳವರು ಹೇಳುವುದುಂಟು. ಮನೆಗೆ ಹೋಗಿ ಒಲೆ ಹಚ್ಚುವ ಹೊತ್ತು. ಆ ಅವಸರದಲ್ಲಿ ಗೋಡೆಯ ಸ್ವಿಚ್ಚನ್ನೇ ಆರಿಸಿ ಬೀಗ ಹಾಕಿಬಿಡುತ್ತಾರೆ. ಹಾಗೆ ಮಾಡಬಾರದು ಎಂಬುದಕ್ಕೆ ಕಾರಣವನ್ನೂ, ಆ ಸದ್ದಿನ ಮೂಲ ಕಂಡುಹಿಡಿಯುವ ಕ್ರಮವನ್ನೂ ಇಲ್ಲಿ ತಿಳಿಸಿದ್ದೇವೆ. ಕಾರ್ಯದರ್ಶಿ, ಹಾಲು ಪರೀಕ್ಷಕಿ ಮತ್ತು ಆಡಳಿತ ಮಂಡಳಿಯ ಸದಸ್ಯೆಯರು ಇದನ್ನು ಓದಬೇಕು. ಹಾಲು ಹಾಕುವ ಪ್ರತಿಯೊಬ್ಬರಿಗೂ ಇದರಲ್ಲಿ ತಿಳಿಯಬೇಕಾದದ್ದಿದೆ.

ಆಫ್ ಮಾಡುವಾಗ ಒಳಗೆ ನಡೆಯುವುದೇನು?

ಕಂಪ್ಯೂಟರಿನಲ್ಲಿ ಎರಡು ಬಗೆಯ ನೆನಪಿನ ಜಾಗಗಳಿವೆ. ಕೆಲಸ ನಡೆಯುವಾಗ ಬಳಸುವ ಜಾಗ ಒಂದು. ಕರೆಂಟ್ ಹೋದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ. ಇನ್ನೊಂದು ಡಿಸ್ಕ್. ಅದರಲ್ಲಿ ಬರೆದದ್ದು ಕರೆಂಟ್ ಇಲ್ಲದಿದ್ದರೂ ಉಳಿಯುತ್ತದೆ. ನಾವು ಶಟ್‌ಡೌನ್ ಒತ್ತಿದಾಗ ಕಂಪ್ಯೂಟರ್ ತೆರೆದಿರುವ ಕಾರ್ಯಕ್ರಮಗಳನ್ನು ಒಂದೊಂದಾಗಿ ಮುಚ್ಚುತ್ತದೆ, ಬರೆಯಲು ಬಾಕಿ ಇದ್ದದ್ದನ್ನು ಡಿಸ್ಕಿಗೆ ಬರೆಯುತ್ತದೆ, ಕೊನೆಗೆ ತಾನೇ ಕರೆಂಟ್ ನಿಲ್ಲಿಸಿಕೊಳ್ಳುತ್ತದೆ. ಬರೆಯುವ ನಡುವೆ ಸ್ವಿಚ್ ಆರಿಸಿದರೆ ಅರ್ಧ ಬರೆದ ಪುಟ ಹರಿದಂತಾಗುತ್ತದೆ. ಲೆಕ್ಕದ ಕಡತವೇ ಕೆಟ್ಟರೆ ಆ ಸಂಜೆಯ ಹಾಲು ಮಾತ್ರವಲ್ಲ, ಅದರ ಹಿಂದಿನ ದಿನಗಳದ್ದೂ ತೆರೆಯದೆ ಹೋಗಬಹುದು.

ಎಲ್ಲಕ್ಕಿಂತ ಮೊದಲು ಲೆಕ್ಕದ ಪ್ರತಿ

ಸದ್ದು ಯಾವುದೇ ಇರಲಿ, ಹುಡುಕಾಟ ಶುರು ಮಾಡುವ ಮೊದಲು ಹಾಲು ಸಂಗ್ರಹಣೆಯ ತಂತ್ರಾಂಶದಲ್ಲಿರುವ ಬ್ಯಾಕಪ್ ಆಯ್ಕೆಯಿಂದ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಿ. ಕಂಪ್ಯೂಟರ್ ರಿಪೇರಿಯಾಗಬಹುದು, ಹೊಸದನ್ನೂ ಕೊಳ್ಳಬಹುದು. ಕಳೆದುಹೋದ ಲೆಕ್ಕ ಅಂಗಡಿಯಲ್ಲಿ ಸಿಗುವುದಿಲ್ಲ. ಪೆನ್‌ಡ್ರೈವ್ ಎರಡಿರಲಿ. ಇಂದು ಒಂದಕ್ಕೆ, ನಾಳೆ ಇನ್ನೊಂದಕ್ಕೆ ಪ್ರತಿ ತೆಗೆಯಿರಿ. ಎರಡನ್ನೂ ಸಂಘದ ಕೋಣೆಯಲ್ಲೇ ಇಡಬೇಡಿ. ಒಂದು ಅಧ್ಯಕ್ಷರ ಮನೆಯಲ್ಲಿರಲಿ.

ಸದ್ದು ಎಲ್ಲಿಂದ ಬರುತ್ತಿದೆ? ಮೂರು ಪರೀಕ್ಷೆ

ಮೊದಲನೆಯದು: ಸ್ಪೀಕರಿನ ಧ್ವನಿಯನ್ನು ಪೂರ್ತಿ ಇಳಿಸಿ, ಆಮೇಲೆ ಶಟ್‌ಡೌನ್ ಮಾಡಿ. ಸದ್ದು ನಿಂತರೆ ಅದು ಕಂಪ್ಯೂಟರ್ ನಮಗೆ ಏನನ್ನೋ ತಿಳಿಸಲು ಮಾಡುತ್ತಿದ್ದ ಸದ್ದು. ನಿಲ್ಲದಿದ್ದರೆ ಯಂತ್ರದ್ದೇ ಸದ್ದು.

ಎರಡನೆಯದು: ಪರದೆ ಕಪ್ಪಾಗಿ, ಪೆಟ್ಟಿಗೆಯ ದೀಪ ಆರಿದ ಮೇಲೂ ಸದ್ದು ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಅದು ಹೆಚ್ಚಾಗಿ ಮೇಜಿನ ಕೆಳಗಿರುವ ಯುಪಿಎಸ್‌ನದು.

ಮೂರನೆಯದು: ಸದ್ದು ಒಂದು ಸಲ ಬಂದು ನಿಲ್ಲುತ್ತದೆಯೋ, ಮತ್ತೆ ಮತ್ತೆ ಬರುತ್ತದೆಯೋ ಎಣಿಸಿ. ಒಂದು ಸಲ ಬರುವ ಸದ್ದು ಬಹುಪಾಲು ಸಹಜ.

ಯಾವ ಸದ್ದಿಗೆ ಏನು ಅರ್ಥ?

ಟಿಂಗ್ ಎಂಬ ಗಂಟೆಯಂಥ ಸದ್ದು: ಯಾವುದೋ ಕಾರ್ಯಕ್ರಮ ನಿಮ್ಮ ಉತ್ತರಕ್ಕಾಗಿ ಕಾಯುತ್ತಿದೆ. ಅದರ ಪ್ರಶ್ನೆ ಬೇರೆ ಕಿಟಕಿಯ ಹಿಂದೆ ಅಡಗಿರಬಹುದು. ಕೆಳಗಿನ ಪಟ್ಟಿಯಲ್ಲಿ ತೆರೆದಿರುವುದನ್ನೆಲ್ಲ ಒಂದೊಂದಾಗಿ ಮುಚ್ಚಿ ನೋಡಿ.

ಏರಿ ಇಳಿಯುವ ಎರಡು ಸ್ವರದ ಸದ್ದು: ಯುಎಸ್‌ಬಿ ತಂತಿ ಹಾಕಿದಾಗ ಅಥವಾ ಕಿತ್ತಾಗ ಇದು ಬರುತ್ತದೆ. ಯಾರೂ ಮುಟ್ಟದಿದ್ದರೂ ಬರುತ್ತಿದ್ದರೆ ಯಾವುದೋ ತಂತಿ ಸಡಿಲವಾಗಿದೆ. ನಮ್ಮ ಸಂಘಗಳಲ್ಲಿ ಹಾಲು ಪರೀಕ್ಷಾ ಯಂತ್ರ, ತೂಕದ ಯಂತ್ರ, ಪ್ರಿಂಟರ್ ಮೂರರ ತಂತಿಗಳೂ ಕಂಪ್ಯೂಟರಿಗೆ ಬರುತ್ತವೆ. ದಿನಕ್ಕೆರಡು ಸಲ ಮೇಜು ಒರೆಸುವಾಗ, ಯಂತ್ರ ತೊಳೆಯುವಾಗ ಅವು ಅಲುಗುತ್ತವೆ. ಈ ಸದ್ದು ಹಾಲು ಅಳೆಯುವ ಹೊತ್ತಿನಲ್ಲೂ ಬರುತ್ತಿದ್ದರೆ ನಿರ್ಲಕ್ಷಿಸಬೇಡಿ. ತಂತಿ ಕಡಿದ ಕ್ಷಣದಲ್ಲಿ ಯಂತ್ರ ತೋರಿಸಿದ ಅಂಕಿ ಕಂಪ್ಯೂಟರಿಗೆ ತಲುಪುವುದಿಲ್ಲ.

ಪೀಂ ಪೀಂ ಸದ್ದು: ಯುಪಿಎಸ್ ಬ್ಯಾಟರಿಯ ಮೇಲೆ ನಡೆಯುವಾಗ ಹೀಗೆ ಕೂಗುತ್ತದೆ. ಕರೆಂಟ್ ಹೋದಾಗ ಕೂಗಿದರೆ ಸರಿ. ಕರೆಂಟ್ ಇದ್ದಾಗಲೂ ಕೂಗಿದರೆ ಪ್ಲಗ್ ಸಡಿಲವಿರಬಹುದು, ವೋಲ್ಟೇಜ್ ಕಡಿಮೆ ಇರಬಹುದು, ಇಲ್ಲವೆ ಬ್ಯಾಟರಿ ಸೋತಿರಬಹುದು. ಸಣ್ಣ ಯುಪಿಎಸ್‌ನ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ. ಬ್ಯಾಟರಿ ಸೋತ ಯುಪಿಎಸ್ ಇದ್ದೂ ಇಲ್ಲದಂತೆ. ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆರುತ್ತದೆ. ಅದು ನಾವೇ ಸ್ವಿಚ್ ಆರಿಸಿದಷ್ಟೇ ಕೆಟ್ಟದ್ದು.

ಗುರ್ರ್ ಎಂಬ ಸದ್ದು: ಒಳಗಿನ ಫ್ಯಾನಿನದು. ಪಶು ಆಹಾರದ ಚೀಲಗಳು ಅದೇ ಕೋಣೆಯಲ್ಲಿದ್ದರೆ ಹಿಂಡಿಯ ಧೂಳು ಪೆಟ್ಟಿಗೆಯೊಳಗೆ ಸೇರುತ್ತದೆ. ಫ್ಯಾನ್ ಸರಿಯಾಗಿ ತಿರುಗದಿದ್ದರೆ ಕಂಪ್ಯೂಟರ್ ಬಿಸಿಯಾಗಿ ತಾನಾಗಿಯೇ ಆಫ್ ಆಗಬಹುದು. ಪ್ಲಗ್ ಕಿತ್ತು, ತಿಳಿದವರಿಂದ ಪೆಟ್ಟಿಗೆ ಬಿಚ್ಚಿಸಿ ಧೂಳು ತೆಗೆಸಿ. ಒದ್ದೆ ಬಟ್ಟೆ ಒಳಗೆ ಹಾಕಬೇಡಿ. ಚೀಲಗಳನ್ನು ದೂರ ಇಡಿ. ಪೆಟ್ಟಿಗೆ ನೆಲದ ಮೇಲಿದ್ದರೆ ಮೇಜಿನ ಮೇಲೆ ಇಡಿ, ತೊಳೆಯುವ ನೀರೂ ತಾಗುವುದಿಲ್ಲ.

ಟಕ್ ಟಕ್ ಎಂಬ ಸದ್ದು: ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇದಕ್ಕೆ. ಹಳೆಯ ಬಗೆಯ ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓಡಾಡುವ ಓದುವ ತುದಿಯಿದೆ. ಆಫ್ ಆಗುವಾಗ ಆ ತುದಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಆಗ ಒಂದೇ ಒಂದು ಟಕ್ ಸದ್ದು ಬಂದರೆ ಅದು ಸಹಜ. ಆದರೆ ಟಕ್ ಟಕ್ ಎಂದು ಒಂದೇ ಸಮನೆ ಬಡಿಯುತ್ತಿದ್ದರೆ, ಜೊತೆಗೆ ಕಂಪ್ಯೂಟರ್ ಆಫ್ ಆಗಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ, ಡಿಸ್ಕ್ ಸಾಯುವ ಹಂತದಲ್ಲಿದೆ ಎಂದು ತಿಳಿಯಿರಿ. ಇನ್ನೆಷ್ಟು ದಿನ ಬಾಳುತ್ತದೆ ಎಂದು ಯಾರೂ ಹೇಳಲಾರರು. ಅಂದೇ ಪ್ರತಿ ತೆಗೆದು, ಡಿಸ್ಕ್ ಬದಲಿಸಲು ಹೇಳಿ.

ಹೊಸ ಕಂಪ್ಯೂಟರುಗಳಲ್ಲಿ ಎಸ್‌ಎಸ್‌ಡಿ ಎಂಬ ಡಿಸ್ಕ್ ಇರುತ್ತದೆ. ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ಹಾಗೆಂದು ಅದು ಕೆಡುವುದಿಲ್ಲ ಎಂದಲ್ಲ. ಸದ್ದಿನ ಮುನ್ಸೂಚನೆ ಇಲ್ಲದೆ ಕೆಡುವುದರಿಂದ ಅದಕ್ಕೂ ನಿತ್ಯದ ಪ್ರತಿ ಬೇಕೇ ಬೇಕು.

ಪರದೆಯ ಮೇಲೆ ಬರುವ ಬರಹಗಳು

ಯಾವ ಬರಹ ಬಂದರೂ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆಮೇಲೆ ಗುಂಡಿ ಒತ್ತಿ. ಸಾಮಾನ್ಯವಾಗಿ ಬರುವವು ಇವು.

ಯಾವುದೋ ಕಾರ್ಯಕ್ರಮ ಶಟ್‌ಡೌನ್ ತಡೆಯುತ್ತಿದೆ ಎಂಬ ಬರಹ: ಕೆಳಗೆ ‘ಶಟ್‌ಡೌನ್ ಎನಿವೇ’, ‘ಕ್ಯಾನ್ಸಲ್’ ಎಂಬ ಎರಡು ಗುಂಡಿಗಳಿರುತ್ತವೆ. ಮೊದಲನೆಯದನ್ನು ಒತ್ತಿದರೆ ಹೇಗಿದ್ದರೂ ಆರಿಸು ಎಂದು ಹೇಳಿದಂತೆ. ಹಾಲಿನ ತಂತ್ರಾಂಶ ತೆರೆದಿದ್ದರೆ ಅದನ್ನು ಒತ್ತಬೇಡಿ. ಕ್ಯಾನ್ಸಲ್ ಒತ್ತಿ ಹಿಂದಕ್ಕೆ ಹೋಗಿ, ಲೆಕ್ಕ ಉಳಿಸಿ, ತಂತ್ರಾಂಶವನ್ನು ಅದರದೇ ಗುಂಡಿಯಿಂದ ಮುಚ್ಚಿ, ಆಮೇಲೆ ಶಟ್‌ಡೌನ್ ಮಾಡಿ.

ಮೆಮೊರಿ ಓದಲಾಗಲಿಲ್ಲ ಎಂಬ ಬರಹ: ಇದನ್ನು ನೋಡಿ ಲೆಕ್ಕವೇ ಹೋಯಿತೆಂದು ಗಾಬರಿಯಾಗುವವರಿದ್ದಾರೆ. ಸಾಮಾನ್ಯವಾಗಿ ಯಾವುದೋ ಒಂದು ಕಾರ್ಯಕ್ರಮ ಮುಚ್ಚಿಕೊಳ್ಳುವಾಗ ಎಡವಿದೆ ಎಂದಷ್ಟೇ ಇದರ ಅರ್ಥ. ಆ ಕಿಟಕಿಯ ಮೇಲ್ಭಾಗದಲ್ಲಿ ಕಾರ್ಯಕ್ರಮದ ಹೆಸರಿರುತ್ತದೆ. ಪ್ರತಿದಿನ ಅದೇ ಹೆಸರು ಬಂದರೆ ಅದೊಂದನ್ನೇ ಮತ್ತೆ ಹಾಕಿಸಿದರೆ ಬಹುಪಾಲು ಸರಿಹೋಗುತ್ತದೆ. ದಿನಕ್ಕೊಂದು ಹೆಸರು ಬರುತ್ತಿದ್ದರೆ ಯಂತ್ರದ ಮೆಮೊರಿಯನ್ನೇ ಪರೀಕ್ಷಿಸಬೇಕು.

ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಎಂಬ ಬರಹ: ಇದಕ್ಕೆ ಕಾಯಲೇಬೇಕು. ಯುಪಿಎಸ್ ಸರಿಯಿದ್ದರೆ ಕಂಪ್ಯೂಟರನ್ನು ಹಾಗೇ ಬಿಟ್ಟು ಬೇರೆ ಕೆಲಸ ಮುಗಿಸಿ ಬನ್ನಿ.

ಮರುದಿನ ಬೆಳಿಗ್ಗೆ ಡಿಸ್ಕ್ ಪರೀಕ್ಷೆ ನಡೆಯುತ್ತಿದೆ ಎಂಬ ಬರಹ: ಹಿಂದಿನ ದಿನ ಸರಿಯಾಗಿ ಆಫ್ ಆಗಿಲ್ಲ ಎಂಬುದರ ಗುರುತು. ಅದು ಮುಗಿಯಲಿ, ನಡುವೆ ತಪ್ಪಿಸಬೇಡಿ. ಹಾಲು ತಂದವರು ಸಾಲಿನಲ್ಲಿದ್ದರೆ ಆ ಹೊತ್ತಿನ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಹಾಕಿ. ಸರಿಯಾಗಿ ಆಫ್ ಮಾಡಿದರೂ ದಿನವೂ ಈ ಪರೀಕ್ಷೆ ಬರುತ್ತಿದ್ದರೆ ಡಿಸ್ಕ್ ಕೆಡುತ್ತಿರಬಹುದು.

ಕಾರಣ ಸಿಗದಿದ್ದರೆ

ಹಸುವಿಗೆ ಹೊಟ್ಟೆ ಕೆಟ್ಟಾಗ ಹಿಂಡಿ, ಹಸಿ ಮೇವು, ನೀರು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ. ಇಲ್ಲಿಯೂ ಹಾಗೇ. ಹಾಲು ಮುಗಿದು, ಲೆಕ್ಕ ಉಳಿಸಿದ ಮೇಲೆ ಒಂದು ಸಂಜೆ ಪ್ರಿಂಟರಿನ ತಂತಿ ಮಾತ್ರ ಕಿತ್ತು ಶಟ್‌ಡೌನ್ ಮಾಡಿ. ಮರುದಿನ ಅದನ್ನು ಹಾಕಿ, ಪರೀಕ್ಷಾ ಯಂತ್ರದ ತಂತಿ ಕಿತ್ತು ನೋಡಿ. ಮೂರನೆಯ ದಿನ ತೂಕದ ಯಂತ್ರದ್ದು. ಯಾವುದನ್ನು ಕಿತ್ತಾಗ ದೋಷ ಬರಲಿಲ್ಲವೋ ಅಲ್ಲಿಂದ ಹುಡುಕಬೇಕು. ತಂತಿಗಳನ್ನು ಮತ್ತೆ ಅದೇ ತೂತಿಗೆ ಹಾಕಿ. ಬೇರೆಯದಕ್ಕೆ ಹಾಕಿದರೆ ತಂತ್ರಾಂಶ ಯಂತ್ರವನ್ನು ಗುರುತಿಸದೆ ಹೋಗಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ವಿಂಡೋಸ್ 8 ಮತ್ತು ಅದರ ನಂತರದವುಗಳಲ್ಲಿ ಬೇಗ ಶುರುವಾಗಲೆಂದು ಒಂದು ಏರ್ಪಾಡಿದೆ. ಅದರಿಂದಾಗಿ ಶಟ್‌ಡೌನ್ ಒತ್ತಿದರೂ ಕಂಪ್ಯೂಟರ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಸ್ವಲ್ಪ ಭಾಗವನ್ನು ಹಾಗೇ ಡಿಸ್ಕಿಗೆ ಬರೆದಿಟ್ಟುಕೊಳ್ಳುತ್ತದೆ. ಹಳೆಯ ದೋಷವೂ ಅದರೊಂದಿಗೆ ಉಳಿಯಬಹುದು. ರೀಸ್ಟಾರ್ಟ್ ಒತ್ತಿದರೆ ಮಾತ್ರ ಪೂರ್ತಿ ಮುಚ್ಚಿ ಹೊಸದಾಗಿ ತೆರೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಆಫ್ ಮಾಡಿ. ಕೆಲವು ದೋಷಗಳು ಇಷ್ಟರಿಂದಲೇ ಹೋಗುತ್ತವೆ.

ಕಂಪ್ಯೂಟರ್ ತಾನೇ ಒಂದು ದಿನಚರಿಯನ್ನೂ ಇಟ್ಟಿರುತ್ತದೆ. ಹುಡುಕುವ ಜಾಗದಲ್ಲಿ ‘ರಿಲಯಬಿಲಿಟಿ’ ಎಂಬ ಇಂಗ್ಲಿಷ್ ಪದ ಬರೆದರೆ ತಾರೀಖಿನ ಸಾಲು ತೆರೆಯುತ್ತದೆ. ದೋಷ ಬಂದ ದಿನದ ಮೇಲೆ ಕೆಂಪು ಗುರುತಿರುತ್ತದೆ. ಅದನ್ನು ಒತ್ತಿದರೆ ಯಾವ ಕಾರ್ಯಕ್ರಮ ನಿಂತಿತು, ಯಾವಾಗ ಸರಿಯಾಗಿ ಆಫ್ ಆಗಲಿಲ್ಲ ಎಂದು ಕಾಣುತ್ತದೆ. ನೀವೂ ಒಂದು ನೋಟ್ ಪುಸ್ತಕದಲ್ಲಿ ತಾರೀಖು, ಹೊತ್ತು, ಯಾವ ಸದ್ದು, ಯಾವ ಬರಹ, ಕರೆಂಟ್ ಹೋಗಿತ್ತೇ ಎಂದು ಬರೆದಿಡಿ. ಎರಡನ್ನೂ ಜೊತೆಯಿಟ್ಟು ತೋರಿಸಿದರೆ ರಿಪೇರಿಗೆ ಬಂದವರ ಕೆಲಸ ಅರ್ಧ ಆದಂತೆ. ಸುಮ್ಮನೆ ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ, ಲೆಕ್ಕದ ಪ್ರತಿ ಬೇರೆ ಕಂಪ್ಯೂಟರಿನಲ್ಲಿ ತೆರೆಯುವುದನ್ನು ಕಣ್ಣಾರೆ ನೋಡುವ ತನಕ ಒಪ್ಪಬೇಡಿ.

ಮೋಸದ ಸದ್ದೂ ಇದೆ

ಇಂಟರ್‌ನೆಟ್ ಬಳಸುವಾಗ ಒಮ್ಮೆಲೇ ಸೈರನ್‌ನಂತೆ ಜೋರು ಸದ್ದು ಬಂದು, ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಫೋನ್ ಮಾಡಿ ಎಂಬ ಬರಹ ಬರುವುದುಂಟು. ಅದು ಮೋಸಗಾರರ ಬಲೆ. ಕಂಪ್ಯೂಟರಿನ ನಿಜವಾದ ದೋಷ ಬರಹ ಫೋನ್ ನಂಬರ್ ಕೊಡುವುದಿಲ್ಲ. ಫೋನ್ ಮಾಡಬೇಡಿ, ಅವರು ಹೇಳಿದ ಯಾವುದನ್ನೂ ಕಂಪ್ಯೂಟರಿಗೆ ಹಾಕಬೇಡಿ. ಸಂಘದ ಬ್ಯಾಂಕ್ ವಿವರಗಳೂ ಅದೇ ಕಂಪ್ಯೂಟರಿನಲ್ಲಿರುತ್ತವೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ವಿಂಡೋಸ್ 7 ಇರುವ ಕಂಪ್ಯೂಟರುಗಳಿಗೆ 2020ರ ಜನವರಿ 14ಕ್ಕೆ ಕಂಪನಿಯ ಬೆಂಬಲ ಮುಗಿದಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಸಂಘದ್ದು ಯಾವುದೆಂದು ನೋಡಿ, ಬದಲಿಸುವ ಬಗ್ಗೆ ಆಡಳಿತ ಮಂಡಳಿಯಲ್ಲಿ ಚರ್ಚಿಸಿ.

ಹಾಲು ಹಾಕುವವರು ಮಾಡಬೇಕಾದದ್ದು

ಕಂಪ್ಯೂಟರ್ ಮುಟ್ಟದವರಿಗೂ ಒಂದು ಕೆಲಸವಿದೆ. ಪ್ರತಿ ಹೊತ್ತಿನ ಚೀಟಿಯನ್ನು ಬಟವಾಡೆ ಆಗುವ ತನಕ ಜೋಪಾನವಾಗಿಡಿ. ನುಣುಪು ಕಾಗದದ ಚೀಟಿಯಾದರೆ ಒಲೆಯ ಹತ್ತಿರ, ಬಿಸಿಲಿನಲ್ಲಿ ಇಡಬೇಡಿ, ಅಕ್ಷರ ಮಾಸಿಹೋಗುತ್ತದೆ. ಲೀಟರ್, ಜಿಡ್ಡಿನಾಂಶ, ಎಸ್‌ಎನ್‌ಎಫ್, ಹಣ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಿರಿ, ಇಲ್ಲವೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಸಂಘದ ಲೆಕ್ಕ ಕೆಟ್ಟ ದಿನ ನಿಮ್ಮ ಹಾಲಿಗೆ ಸಾಕ್ಷಿ ಅದೇ.

ಸಂಘದ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಲೆಕ್ಕದ ಪ್ರತಿ ಕೊನೆಯದಾಗಿ ಯಾವತ್ತು ತೆಗೆದಿರಿ? ಯುಪಿಎಸ್‌ನ ಬ್ಯಾಟರಿ ಹಾಕಿ ಎಷ್ಟು ವರ್ಷವಾಯಿತು? ಕೇಳಲು ಸಂಕೋಚ ಬೇಡ. ಆ ಕಂಪ್ಯೂಟರಿನಲ್ಲಿರುವುದು ನಿಮ್ಮದೇ ಹಾಲಿನ ಲೆಕ್ಕ.