ಪಾಸ್‌ಪೋರ್ಟ್‌ನ ದಿನಾಂಕ ನೋಡಿಕೊಳ್ಳಿ

ನಮ್ಮ ಮನೆ ಶಿವಾಜಿನಗರದಲ್ಲಿ. ಅಬ್ಬಾ ರಿಯಾದ್‌ನಲ್ಲಿ ಡ್ರೈವರ್. ಪಾಸ್‌ಪೋರ್ಟ್ ಅವಧಿ ಮುಗಿಯುವುದನ್ನು ತಡವಾಗಿ ಗಮನಿಸಿದ್ದರಿಂದ ಈ ಸಲ ರಂಜಾನ್ ಹಬ್ಬಕ್ಕೆ ಬರಲಾಗಲಿಲ್ಲ.

ಆಗ ನಾನು ತಿಳಿದುಕೊಂಡದ್ದು ಇಷ್ಟು. ನವೀಕರಣಕ್ಕೆ ಊರಿಗೇ ಬರಬೇಕಿಲ್ಲ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕವೇ ಆಗುತ್ತದೆ. ಅವಧಿ ಮುಗಿಯುವ 1 ವರ್ಷ ಮೊದಲೇ ಅರ್ಜಿ ಹಾಕಬಹುದು. ವಿಳಾಸ ಪರಿಶೀಲನೆಗೆ ಪೊಲೀಸರು ಇಲ್ಲಿನ ಮನೆಗೆ ಬರಬಹುದು. ಹೊಸ ಪಾಸ್‌ಪೋರ್ಟ್‌ಗೆ ಹೊಸ ಸಂಖ್ಯೆ ಇರುತ್ತದೆ. ಅದನ್ನು ಇಕಾಮಾ ದಾಖಲೆಯಲ್ಲೂ ಸೇರಿಸಬೇಕು. ಹಳೆಯದರಲ್ಲಿ ವೀಸಾ ಉಳಿದಿದ್ದರೆ ಎರಡನ್ನೂ ಒಯ್ಯಬೇಕು. ಅನೇಕ ದೇಶಗಳು 6 ತಿಂಗಳ ಅವಧಿ ಬಾಕಿ ಇರಬೇಕೆನ್ನುತ್ತವೆ.

18 ತುಂಬದ ನಮ್ಮ ಪಾಸ್‌ಪೋರ್ಟ್ 5 ವರ್ಷಕ್ಕೆ ಅಥವಾ 18 ತುಂಬಿದಾಗ, ಯಾವುದು ಮೊದಲೋ ಆಗ ಮುಗಿಯುತ್ತದೆ. 15 ದಾಟಿದವರು 10 ವರ್ಷದ್ದನ್ನು ಕೇಳಬಹುದು. ಇಂದೇ ಬೀರು ತೆರೆದು ನೋಡಿ.